ತೀರ್ಪಿಗೆ ಮೊದಲು

ನ್ಯಾಯಾಲಯದಲ್ಲಿ ಯಾರ ಹೆಸರನ್ನೂ ಒಂದೇ ಸಲ ಕೂಗಿ ಸುಮ್ಮನಾಗುವುದಿಲ್ಲ. ಮೂರು ಸಲ ಕೂಗುತ್ತಾರೆ. ಚಿಕ್ಕಬಳ್ಳಾಪುರವಾಗಲಿ, ಚಿಂತಾಮಣಿಯಾಗಲಿ, ಶಿಡ್ಲಘಟ್ಟವಾಗಲಿ, ಗೌರಿಬಿದನೂರಾಗಲಿ, ಕಲಾಪ ಆರಂಭವಾದ ಹೊತ್ತಿಗೆ ಕೋರ್ಟಿನ ಆವರಣದಲ್ಲಿ ನಿಂತರೆ ಆ ಕೂಗು ಕಿವಿಗೆ ಬೀಳುತ್ತದೆ. ಅಟೆಂಡರ್ ಬಾಗಿಲ ಬಳಿ ಬಂದು ಹೆಸರು ಹೇಳುತ್ತಾರೆ. ಉತ್ತರ ಬಾರದಿದ್ದರೆ ಮತ್ತೆ ಹೇಳುತ್ತಾರೆ. ಮೂರನೆಯ ಸಲ ಧ್ವನಿ ಸ್ವಲ್ಪ ಏರುತ್ತದೆ. ಮರದ ಕೆಳಗೆ ಪಹಣಿಯ ನಕಲು ಹಿಡಿದು ಕುಳಿತಿದ್ದ ವೃದ್ಧರೊಬ್ಬರು ಗಡಿಬಿಡಿಯಿಂದ ಏಳುತ್ತಾರೆ, ಹೆಗಲ ಟವೆಲನ್ನು ಸರಿಪಡಿಸಿಕೊಳ್ಳುತ್ತಾರೆ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗುತ್ತಾರೆ. ದಿನವೂ ನಡೆಯುವ ಸಂಗತಿ ಇದು. ದಿನವೂ ನಡೆಯುವುದರಿಂದಲೇ ಅದರೊಳಗಿನ ಸೌಜನ್ಯ ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಕಾನೂನು ಇಲ್ಲಿ ಮನುಷ್ಯನ ದೌರ್ಬಲ್ಯವನ್ನು ಮೊದಲೇ ಒಪ್ಪಿಕೊಂಡಿದೆ. ಕರೆದ ಕ್ಷಣಕ್ಕೆ ಎಲ್ಲರೂ ಸಿದ್ಧರಿರುವುದಿಲ್ಲ. ಬಸ್ಸು ತಡವಾಗಿರಬಹುದು, ಕಿವಿ ಮಂದವಾಗಿರಬಹುದು, ಭಯದಿಂದ ಕಾಲು ಹಿಂದೆ ಸರಿದಿರಬಹುದು. ಮೂರು ಕೂಗಿಗೂ ಓಗೊಡದವರ ವಿಷಯದಲ್ಲಿ ಏಕಪಕ್ಷೀಯವಾಗಿ ಮುಂದುವರಿಯಲು ಅವಕಾಶವಿದೆ, ನಿಜ. ಆದರೆ ಅವರು ಆಮೇಲೆ ಬಂದು ತಕ್ಕ ಕಾರಣ ತೋರಿಸಿದರೆ, ಆ ತೀರ್ಪನ್ನೂ ರದ್ದುಪಡಿಸಿ ಹೊಸದಾಗಿ ಕೇಳುವುದಕ್ಕೆ ದಾರಿಯಿದೆ. ಬಂದವರ ಮಾತಿಗೆ ಮಾತ್ರವಲ್ಲದೆ ಬಾರದವರ ಮೌನಕ್ಕೂ ಅಲ್ಲಿ ಒಂದು ಸ್ಥಾನ ಮೀಸಲಾಗಿದೆ.

ನಮ್ಮ ಅಂತರಂಗದ ನ್ಯಾಯಾಲಯದಲ್ಲಿ ಇಷ್ಟು ತಾಳ್ಮೆ ಇಲ್ಲ. ನಾವೂ ನ್ಯಾಯಾಧೀಶರೇ. ಬೆಳಿಗ್ಗೆ ಎದ್ದು ಕಾಫಿ ಕುಡಿಯುವುದರೊಳಗೆ ನಾಲ್ಕಾರು ಮೊಕದ್ದಮೆಗಳನ್ನು ವಿಲೇವಾರಿ ಮಾಡಿರುತ್ತೇವೆ. ಫೋನ್ ಎತ್ತದ ತಮ್ಮ ಅಹಂಕಾರಿ. ಸಾಲ ಹಿಂದಿರುಗಿಸದ ಗೆಳೆಯ ವಂಚಕ. ಮಾತು ಕಡಿಮೆ ಮಾಡಿದ ಸೊಸೆ ಗರ್ವಿಷ್ಠೆ. ಇವರಲ್ಲಿ ಯಾರ ಹೆಸರನ್ನೂ ನಾವು ಒಂದು ಸಲವಾದರೂ ಕೂಗಿರುವುದಿಲ್ಲ. ತೀರ್ಮಾನಿಸದೆ ಬದುಕಲು ಬರುವುದಿಲ್ಲ. ಅದು ತಪ್ಪೂ ಅಲ್ಲ. ಯಾರನ್ನು ನಂಬಬೇಕು, ಯಾವ ದಾರಿ ಹಿಡಿಯಬೇಕು, ಯಾವ ಮಾತಿಗೆ ಕಿವಿಗೊಡಬೇಕು ಎಂಬ ನಿರ್ಣಯಗಳಿಂದಲೇ ದಿನ ಸಾಗುತ್ತದೆ. ಆದರೆ ನಮ್ಮ ನಿರ್ಣಯಗಳಲ್ಲಿ ಬಹುಪಾಲು ಏಕಪಕ್ಷೀಯ. ಇದನ್ನು ಒಪ್ಪಿಕೊಂಡರೆ ಮನಸ್ಸು ಕುಗ್ಗಬೇಕಾಗಿಲ್ಲ. ಮನುಷ್ಯಸ್ವಭಾವವೇ ಹಾಗೆ. ಅದಕ್ಕಾಗಿಯೇ ಮನುಷ್ಯರು ನ್ಯಾಯಾಲಯಗಳನ್ನು ಕಟ್ಟಿಕೊಂಡರು.

ಈ ಸೀಮೆಯಲ್ಲಿ ನ್ಯಾಯದ ಹಂಬಲಕ್ಕೆ ನೆಲದ ಕಾರಣವೂ ಇದೆ. 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ರೂಪುಗೊಂಡ ಚಿಕ್ಕಬಳ್ಳಾಪುರ ಜಿಲ್ಲೆಯ ಬೆಟ್ಟಗಳು ನದಿಗಳ ತವರು. ನಂದಿಬೆಟ್ಟದ ಸುತ್ತಮುತ್ತ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ, ಪಾಲಾರ್ ಹುಟ್ಟುತ್ತವೆ. ಹುಟ್ಟಿದ ನದಿಗಳು ಹೊರಗೆ ಹರಿದು ಹೋಗುತ್ತವೆ. ಊರಿನಲ್ಲಿ ಉಳಿಯುವುದು ಕೆರೆ, ಬಾವಿ ಮತ್ತು ಮಳೆಯ ನಿರೀಕ್ಷೆ. ನೀರು ವಿರಳವಾದ ಕಡೆ ಒಂದು ಗೇಣು ಬದು ಕೂಡ ದೊಡ್ಡ ವಿಷಯ. ಕೊಳವೆಬಾವಿ ಯಾರ ಪಾಲಿಗೆ, ಕೆರೆಯ ತೂಬು ಯಾರ ಸರದಿಗೆ, ಅಣ್ಣನ ಹೊಲ ಎಲ್ಲಿ ಮುಗಿದು ತಮ್ಮನದು ಎಲ್ಲಿ ಶುರುವಾಗುತ್ತದೆ ಎಂಬ ಪ್ರಶ್ನೆಗಳು ಎರಡು ತಲೆಮಾರು ದಾವೆಯಾಗಿ ಬದುಕಬಲ್ಲವು. ವಾಯಿದೆಯ ದಿನ ಬೆಳಗಿನ ಬಸ್ಸು ಹಿಡಿಯುವುದು ಇಲ್ಲಿನ ಅನೇಕ ಕುಟುಂಬಗಳಿಗೆ ಬಿತ್ತನೆಯಷ್ಟೇ ಪರಿಚಿತ. ಅಂಥ ಚಿಂತಾಮಣಿ ಸೀಮೆಯಿಂದ ಹೊರಟ ಒಬ್ಬರು ದೇಶದ ಸರ್ವೋಚ್ಚ ನ್ಯಾಯಪೀಠದಲ್ಲಿ ಕುಳಿತರು.

ನ್ಯಾಯಮೂರ್ತಿ ವಿ. ಗೋಪಾಲಗೌಡರು ಹುಟ್ಟಿದ್ದು 1951ರ ಅಕ್ಟೋಬರ್ 6ರಂದು. 1997ರಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯಾದರು. 2010ರಲ್ಲಿ ಒರಿಸ್ಸಾ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾದರು. 2012ರ ಡಿಸೆಂಬರ್ 24ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿ ಪ್ರಮಾಣ ಸ್ವೀಕರಿಸಿ, 2016ರ ಅಕ್ಟೋಬರ್ 5ರಂದು ನಿವೃತ್ತರಾದರು. ಒಂದು ಜೀವನವನ್ನು ತಾರೀಖುಗಳಲ್ಲಿ ಹೇಳಿದರೆ ಇಷ್ಟೇ. ಆದರೆ ನ್ಯಾಯಮೂರ್ತಿಯ ಜೀವನ ತಾರೀಖುಗಳಲ್ಲಿ ಇರುವುದಿಲ್ಲ. ಇತರರ ಜೀವನದ ಕಡತಗಳಲ್ಲಿ ಹರಡಿಕೊಂಡಿರುತ್ತದೆ. ಯಾರದೋ ಜಮೀನು, ಯಾರದೋ ನೌಕರಿ, ಯಾರದೋ ಮರಣ. ಅವರ ಆಯುಷ್ಯದ ಉತ್ತಮ ಭಾಗ ಪರರ ದುಃಖವನ್ನು ಓದುವುದರಲ್ಲಿ ಕಳೆದಿರುತ್ತದೆ.

ನಿವೃತ್ತಿಗೆ ಐದು ವಾರ ಉಳಿದಿದ್ದಾಗ, 2016ರ ಆಗಸ್ಟ್ 31ರಂದು, ಅವರಿದ್ದ ಪೀಠ ಸಿಂಗೂರು ಪ್ರಕರಣದ ತೀರ್ಪು ನೀಡಿತು. ಪಶ್ಚಿಮ ಬಂಗಾಳದ ಹೂಗ್ಲಿ ಜಿಲ್ಲೆಯ ಸಿಂಗೂರಿನಲ್ಲಿ 2006ರಲ್ಲಿ ಟಾಟಾ ಮೋಟಾರ್ಸ್‌ನ ನ್ಯಾನೋ ಕಾರಿನ ಕಾರ್ಖಾನೆಗಾಗಿ ಅಲ್ಲಿನ ಸರ್ಕಾರ ಸುಮಾರು 1,000 ಎಕರೆ ಭೂಮಿಯನ್ನು ಸ್ವಾಧೀನಪಡಿಸಿಕೊಂಡಿತ್ತು. ಫಲವತ್ತಾದ ನೆಲ. ರೈತರು ಪ್ರತಿಭಟಿಸಿದರು. 2008ರಲ್ಲಿ ಕಂಪನಿ ಅಲ್ಲಿಂದ ಹೊರಟು ಗುಜರಾತಿನ ಸಾನಂದಕ್ಕೆ ಹೋಯಿತು. ಕಾರ್ಖಾನೆ ಹೋದರೂ ನೆಲ ಹಿಂದಿರುಗಲಿಲ್ಲ. ಸ್ವಾಧೀನ ಸರಿಯೆಂದು ಕಲ್ಕತ್ತಾ ಹೈಕೋರ್ಟ್ 2008ರಲ್ಲಿ ಹೇಳಿತ್ತು. ಎಂಟು ವರ್ಷಗಳ ಮೇಲೆ ಸುಪ್ರೀಂ ಕೋರ್ಟ್ ಅದನ್ನು ಅನೂರ್ಜಿತಗೊಳಿಸಿತು. ಹನ್ನೆರಡು ವಾರಗಳಲ್ಲಿ ಜಮೀನನ್ನು ರೈತರಿಗೆ ಹಿಂದಿರುಗಿಸಬೇಕು. ಪರಿಹಾರ ಪಡೆದವರು ಅದನ್ನು ಮರಳಿಸಬೇಕಾಗಿಲ್ಲ, ಏಕೆಂದರೆ ಹತ್ತು ವರ್ಷ ಅವರು ಜೀವನೋಪಾಯ ಕಳೆದುಕೊಂಡಿದ್ದರು.

ಈ ತೀರ್ಪಿನಲ್ಲಿ ಮನನಕ್ಕೆ ಯೋಗ್ಯವಾದ ಒಂದು ಸಂಗತಿ ಅಡಗಿದೆ. ಪೀಠದಲ್ಲಿದ್ದವರು ಇಬ್ಬರು, ನ್ಯಾಯಮೂರ್ತಿ ಗೋಪಾಲಗೌಡ ಮತ್ತು ನ್ಯಾಯಮೂರ್ತಿ ಅರುಣ್ ಮಿಶ್ರಾ. ಇಬ್ಬರೂ ಪ್ರತ್ಯೇಕವಾಗಿ ಬರೆದರು. ಒಂದು ಕಂಪನಿಗಾಗಿ ನಡೆದ ಸ್ವಾಧೀನ ಸಾರ್ವಜನಿಕ ಉದ್ದೇಶವಾಗದು ಎಂಬುದು ಗೋಪಾಲಗೌಡರ ಅಭಿಪ್ರಾಯ. ಉದ್ಯೋಗ ಸೃಷ್ಟಿಸುವ ಕಾರ್ಖಾನೆ ಸಾರ್ವಜನಿಕ ಉದ್ದೇಶವೇ ಎಂಬುದು ಮಿಶ್ರಾ ಅವರ ಅಭಿಪ್ರಾಯ. ಮುಖ್ಯ ಪ್ರಶ್ನೆಯಲ್ಲೇ ಭೇದ. ಆದರೂ ಇಬ್ಬರೂ ಒಂದೆಡೆ ಸೇರಿದರು. ರೈತರ ತಕರಾರುಗಳನ್ನು ಸರಿಯಾಗಿ ಕೇಳಿರಲಿಲ್ಲ. 1894ರ ಭೂಸ್ವಾಧೀನ ಕಾಯ್ದೆಯ ಪ್ರಕಾರ, ಅಧಿಸೂಚನೆ ಹೊರಟ ಮೇಲೆ ಜಮೀನುದಾರ ತನ್ನ ಆಕ್ಷೇಪಣೆ ಸಲ್ಲಿಸಬಹುದಾಗಿತ್ತು, ಅಧಿಕಾರಿ ಅದನ್ನು ವಿಚಾರಿಸಬೇಕಾಗಿತ್ತು. ಸಿಂಗೂರಿನಲ್ಲಿ ಆಕ್ಷೇಪಣೆಗಳು ಬಂದವು. ವಿಚಾರಣೆಯೂ ನಡೆದಂತೆ ಆಯಿತು. ಆದರೆ ಪ್ರತಿಯೊಬ್ಬನ ಮಾತನ್ನೂ ತೂಗಿ ನೋಡದೆ, ಯಾಂತ್ರಿಕವಾಗಿ, ಎಲ್ಲವನ್ನೂ ತಳ್ಳಿಹಾಕಲಾಯಿತು. ಅಭಿವೃದ್ಧಿಯ ಭಾರವನ್ನು ದನಿಯೆತ್ತಲು ಶಕ್ತಿಯಿಲ್ಲದ ದುರ್ಬಲರೇ ಹೊರುವಂತಾಗಬಾರದು ಎಂಬ ಭಾವ ಗೋಪಾಲಗೌಡರ ಬರಹದಲ್ಲಿ ಸ್ಪಷ್ಟವಾಗಿದೆ.

ಕಡತದಲ್ಲಿ ಎಲ್ಲವೂ ಇತ್ತು. ಅರ್ಜಿ ಇತ್ತು, ಸಹಿ ಇತ್ತು, ದಿನಾಂಕ ಇತ್ತು. ಇಲ್ಲದ್ದು ಒಂದೇ, ಕೇಳುವ ಮನಸ್ಸು. ನಿರ್ಣಯ ಮೊದಲೇ ಆಗಿಹೋಗಿತ್ತು. ಆಲಿಸುವಿಕೆ ಆಮೇಲಿನ ವಿಧಿಯಾಗಿ ನಡೆಯಿತು. ಇದನ್ನು ಓದುವಾಗ ಆ ಅಪರಿಚಿತ ಅಧಿಕಾರಿಯ ಮೇಲೆ ಸಿಟ್ಟು ಬರುವುದಕ್ಕಿಂತ ಮೊದಲು ನಮ್ಮ ಮುಖವೇ ಅಲ್ಲಿ ಕಾಣುತ್ತದೆ. ಮಗಳು ತನಗೆ ಇಂಜಿನಿಯರಿಂಗ್ ಬೇಡ ಎನ್ನುತ್ತಾಳೆ. ನಾವು ಪೂರ್ತಿ ಕೇಳುತ್ತೇವೆ, ನಡುವೆ ಬಾಯಿ ಹಾಕುವುದಿಲ್ಲ, ತಲೆಯನ್ನೂ ಆಡಿಸುತ್ತೇವೆ. ಅವಳು ಮಾತು ಮುಗಿಸಿದ ಮೇಲೆ, ಅವಳು ಮಾತು ಆರಂಭಿಸುವುದಕ್ಕೂ ಮೊದಲು ಸಿದ್ಧವಾಗಿದ್ದ ಉತ್ತರವನ್ನು ಹೇಳುತ್ತೇವೆ. ವಯಸ್ಸಾದ ತಂದೆ ಊರಿನ ಮನೆ ಮಾರುವುದು ಬೇಡವೆನ್ನುತ್ತಾರೆ. ಅವರ ಮಾತು ಮುಗಿಯುವ ತನಕ ವಿನಯದಿಂದ ಕಾಯುತ್ತೇವೆ. ಮಧ್ಯವರ್ತಿಯೊಂದಿಗೆ ಮುಂಗಡದ ಮಾತು ಹಿಂದಿನ ದಿನವೇ ಆಗಿರುತ್ತದೆ. ಯಾರೂ ನಮ್ಮನ್ನು ಕಠೋರರೆಂದು ಕರೆಯಲಾರರು. ನಾವು ಕೇಳಿದೆವು ಎಂಬುದಕ್ಕೆ ಸಾಕ್ಷಿಯಿದೆ.

ಎದುರಿನವರಿಗೆ ಮಾತ್ರ ಅದು ತಿಳಿದುಬಿಡುತ್ತದೆ. ಕೇಳುವ ಕಿವಿಗೂ ಕಾಯುವ ಕಿವಿಗೂ ಇರುವ ವ್ಯತ್ಯಾಸ ಸಣ್ಣ ಮಗುವಿಗೂ ಗೊತ್ತು. ಹಾಗಾದರೆ ಆಲಿಸುವುದು ಎಂದರೇನು? ಮಾತನ್ನು ತಡೆಯದಿರುವುದು ಅದರ ಹೊರರೂಪ. ಅದರ ಅಂತಸ್ಸತ್ವ ಬೇರೆ. ಈ ಮಾತಿನಿಂದ ನನ್ನ ನಿರ್ಣಯ ಬದಲಾಗಬಹುದು ಎಂಬ ಸಣ್ಣದೊಂದು ಸಾಧ್ಯತೆಯನ್ನು ಒಳಗೆ ಉಳಿಸಿಕೊಳ್ಳುವುದೇ ಆಲಿಸುವುದು. ಆ ಸಾಧ್ಯತೆ ಇಲ್ಲದಿದ್ದರೆ ಕಿವಿ ತೆರೆದಿದ್ದರೂ ಬಾಗಿಲು ಮುಚ್ಚಿರುತ್ತದೆ. ಇದು ಕಷ್ಟದ ಕೆಲಸ; ಯಾಕೆಂದರೆ ಬದಲಾಗುವುದೆಂದರೆ ನಮಗೆ ಸೋತಂತೆ. ನಿರ್ಣಯವನ್ನು ನಾವು ನಮ್ಮ ಶರೀರದ ಒಂದು ಅಂಗದಂತೆ ಕಾಪಾಡಿಕೊಳ್ಳುತ್ತೇವೆ.

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ ದೇಶದ ದೊಡ್ಡ ಗೂಡಿನ ಮಾರುಕಟ್ಟೆಗಳಲ್ಲಿ ಒಂದು. ಬೆಳಿಗ್ಗೆ ರೈತರು ತಂದ ಗೂಡನ್ನು ಜಾಲರಿಗಳಲ್ಲಿ ಹರಡಿರುತ್ತಾರೆ. ಹರಾಜಿಗೆ ಮುನ್ನ ರೀಲರ್‌ಗಳು ಸಾಲಿನ ನಡುವೆ ನಡೆಯುತ್ತ, ಬಗ್ಗಿ ಒಂದು ಗೂಡನ್ನು ಎತ್ತಿಕೊಳ್ಳುತ್ತಾರೆ. ಬೆರಳಲ್ಲಿ ಒತ್ತಿ ನೋಡುತ್ತಾರೆ. ಆಮೇಲೆ ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸುತ್ತಾರೆ. ಒಳಗಿನ ಹುಳು ಗಟ್ಟಿಯಾಗಿದ್ದರೆ ಗುಲಗುಲನೆ ಸದ್ದು ಬರುತ್ತದೆ, ಕೊಳೆತಿದ್ದರೆ ಬರುವುದಿಲ್ಲ. ಹೊರಗಿನಿಂದ ಎರಡೂ ಗೂಡು ಬೆಳ್ಳಗೆ, ಅಂಡಾಕಾರವಾಗಿ, ಒಂದೇ ತರಹ ಕಾಣುತ್ತವೆ. ಬೆಲೆ ಕಟ್ಟುವ ಮೊದಲು ಕಿವಿಗೆ ಹಿಡಿಯಬೇಕು ಎಂಬ ವಿವೇಕ ಆ ವ್ಯಾಪಾರಿಗಿದೆ, ತಪ್ಪಿದರೆ ನಷ್ಟ ಅವನದೇ ಆದ್ದರಿಂದ. ಮನುಷ್ಯರಿಗೆ ಬೆಲೆ ಕಟ್ಟುವಾಗ ನಾವು ಅವಸರಪಡುತ್ತೇವೆ, ಬಹುಶಃ ತಪ್ಪಿದರೆ ನಷ್ಟ ಅವರದಾಗುತ್ತದೆ ಎಂಬ ಭಾವನೆಯಿಂದ. ನಮ್ಮದೂ ಆಗುತ್ತದೆ ಎಂಬುದು ತಡವಾಗಿ ತಿಳಿಯುತ್ತದೆ.

ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥಕ್ಕೆ ಇದು ಗೊತ್ತು. 1938ರ ಏಪ್ರಿಲ್ 25ರಂದು ಅಲ್ಲಿ ಜನ ನೆರೆದಿದ್ದರು. ಧ್ವಜ ಹಾರಿಸುವ ಹಕ್ಕು ಬೇಕು, ಸಭೆ ಸೇರುವ ಹಕ್ಕು ಬೇಕು ಎಂಬುದು ಅವರ ಅಹವಾಲು. ನಿಷೇಧಾಜ್ಞೆ ಮೊದಲೇ ಹೊರಟಿತ್ತು. ಅಹವಾಲಿಗೆ ಉತ್ತರವಾಗಿ ಗುಂಡು ಬಂತು. ಸತ್ತವರು ಎಷ್ಟು ಜನ ಎಂಬುದರಲ್ಲಿ ಸರ್ಕಾರದ ಲೆಕ್ಕ ಒಂದು, ಊರಿನವರ ಲೆಕ್ಕ ಇನ್ನೊಂದು. ಬಳಿಕ ಮೈಸೂರಿನ ದಿವಾನ್ ಮಿರ್ಜಾ ಇಸ್ಮಾಯಿಲ್ ಅವರೊಂದಿಗೆ ಸರ್ದಾರ್ ಪಟೇಲರು ಮಾತುಕತೆ ನಡೆಸಿದರು, ಒಪ್ಪಂದವಾಯಿತು, ಧ್ವಜಕ್ಕೆ ಮನ್ನಣೆ ದೊರೆಯಿತು. ಕೊನೆಗೂ ಕೇಳಿಸಿಕೊಂಡದ್ದನ್ನು ಮೊದಲೇ ಕೇಳಿಸಿಕೊಳ್ಳಬಹುದಿತ್ತು. ಅಧಿಕಾರಕ್ಕೆ ಮಾತ್ರ ಅಂಟಿದ ಜಾಡ್ಯವೇನೂ ಅಲ್ಲ ಇದು. ಎಷ್ಟೋ ಮನೆಗಳಲ್ಲಿ, ಮಾತು ನಿಂತುಹೋಗಿ ವರ್ಷಗಳಾದ ಮೇಲೆ, ಆಸ್ಪತ್ರೆಯ ಮಂಚದ ಪಕ್ಕ ಕುಳಿತು ಅಣ್ಣತಮ್ಮಂದಿರು ಪರಸ್ಪರರ ಪಕ್ಷವನ್ನು ಮೊದಲ ಬಾರಿಗೆ ಕೇಳುತ್ತಾರೆ.

ತಡವಾಗಿ ಕೇಳಿದ್ದು ವ್ಯರ್ಥವಲ್ಲ. ಆದರೆ ಅದು ಎಲ್ಲವನ್ನೂ ಹಿಂದಿರುಗಿಸಲಾರದು. ಸಿಂಗೂರಿನ ರೈತನಿಗೆ ಜಮೀನು ಬಂತು, ಹತ್ತು ವರ್ಷದ ಬೆಳೆ ಬರಲಿಲ್ಲ. ಕಾಂಕ್ರೀಟು ತುಂಬಿದ ನೆಲ ಆದೇಶ ಬಂದಷ್ಟು ಸುಲಭವಾಗಿ ಹೊಲವಾಗುವುದಿಲ್ಲ. ಇನ್ನೊಂದು ಪ್ರಕರಣವನ್ನೂ ಇಲ್ಲಿ ನೆನೆಯಬಹುದು. ಕೋಲ್ಕತ್ತದಲ್ಲಿ 1998ರಲ್ಲಿ ನಡೆದ ಚಿಕಿತ್ಸೆಯ ನಿರ್ಲಕ್ಷ್ಯದಿಂದ ಮಹಿಳೆಯೊಬ್ಬರು ಮೃತಪಟ್ಟರೆಂದು ಅವರ ಪತಿ ನ್ಯಾಯದ ಬಾಗಿಲು ತಟ್ಟಿದರು. ರಾಷ್ಟ್ರೀಯ ಗ್ರಾಹಕ ಆಯೋಗ 2006ರಲ್ಲಿ ದೂರನ್ನು ವಜಾ ಮಾಡಿತು. 2009ರಲ್ಲಿ ಸುಪ್ರೀಂ ಕೋರ್ಟ್ ನಿರ್ಲಕ್ಷ್ಯವನ್ನು ಗುರುತಿಸಿ, ಪರಿಹಾರದ ಮೊತ್ತ ನಿರ್ಧರಿಸಲು ಅದೇ ಆಯೋಗಕ್ಕೆ ಕಳಿಸಿತು. ಹಿಂದೆ ವಜಾ ಮಾಡಿದ್ದ ಆಯೋಗವೇ 2011ರಲ್ಲಿ ಪರಿಹಾರ ನೀಡಿತು. 2013ರ ಅಕ್ಟೋಬರ್ 24ರಂದು ಗೋಪಾಲಗೌಡರಿದ್ದ ಪೀಠ ಆ ಮೊತ್ತವನ್ನು ಬಡ್ಡಿಯ ಹೊರತಾಗಿ ಸುಮಾರು 6 ಕೋಟಿ ರೂಪಾಯಿಗೆ ಏರಿಸಿತು. ಹದಿನೈದು ವರ್ಷ. ಒಂದು ಮರಣಕ್ಕೆ ಬೆಲೆ ಕಟ್ಟಲು ಯಾವ ಪೀಠಕ್ಕೂ ಸಾಧ್ಯವಿಲ್ಲ. ಪೀಠಕ್ಕೂ ಅದು ತಿಳಿದಿರುತ್ತದೆ. ಸಾಧ್ಯವಿರುವುದು ಮತ್ತೊಮ್ಮೆ ಕೇಳುವುದು.

ಮತ್ತೊಮ್ಮೆ ಕೇಳುವುದಕ್ಕೆ ನ್ಯಾಯವ್ಯವಸ್ಥೆಯಲ್ಲಿ ಮೆಟ್ಟಿಲುಗಳಿವೆ. ತಾಲ್ಲೂಕಿನ ಕೋರ್ಟಿನ ಮೇಲೆ ಜಿಲ್ಲಾ ನ್ಯಾಯಾಲಯ, ಅದರ ಮೇಲೆ ಹೈಕೋರ್ಟ್, ಅದರ ಮೇಲೆ ಸುಪ್ರೀಂ ಕೋರ್ಟ್. ಮೇಲಿನ ಪೀಠ ಕೆಳಗಿನ ತೀರ್ಪನ್ನು ತಿದ್ದಿದರೆ ಕೆಳಗಿನ ನ್ಯಾಯಾಧೀಶರು ಅದನ್ನು ಅವಮಾನವೆಂದು ಭಾವಿಸುವುದಿಲ್ಲ. ಮರುದಿನ ಎಂದಿನಂತೆ ಬಂದು ಕುಳಿತುಕೊಳ್ಳುತ್ತಾರೆ. ತಾನು ತಪ್ಪಿರಬಹುದು ಎಂಬ ತಿಳಿವಳಿಕೆ ಅವರ ವೃತ್ತಿಯ ಅಡಿಪಾಯದಲ್ಲೇ ಇದೆ. ನಮ್ಮ ತೀರ್ಪುಗಳಿಗೆ ಮೇಲ್ಮನವಿ ಇಲ್ಲ. ಹೆಂಡತಿ ಹೇಳಿದರೆ ತಕರಾರು, ಗೆಳೆಯ ಹೇಳಿದರೆ ಅಸೂಯೆ, ಮಕ್ಕಳು ಹೇಳಿದರೆ ಅಧಿಕಪ್ರಸಂಗ. ತಿದ್ದಲು ಬಂದವರೆಲ್ಲ ಪ್ರತಿವಾದಿಗಳಾಗಿಬಿಡುತ್ತಾರೆ. ತಿದ್ದಿಸಿಕೊಳ್ಳುವುದು ಕುಗ್ಗುವುದೆಂದು ನಮಗೆ ಯಾರು ಕಲಿಸಿದರೋ ತಿಳಿಯದು. ಅಷ್ಟು ದೊಡ್ಡ ವ್ಯವಸ್ಥೆಯೇ ತನ್ನನ್ನು ತಿದ್ದಿಕೊಳ್ಳಲು ಮೆಟ್ಟಿಲು ಕಟ್ಟಿಕೊಂಡಿರುವಾಗ, ಒಂಟಿ ಮನುಷ್ಯನಾದ ನನಗೆ ಅದು ಬೇಡವೆಂದುಕೊಳ್ಳುವುದು ಸೋಜಿಗ.

ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳು ಸ್ವೀಕರಿಸುವ ಪ್ರಮಾಣವಚನ ಸಂವಿಧಾನದ ಮೂರನೆಯ ಅನುಸೂಚಿಯಲ್ಲಿದೆ. ಭಯ, ಪಕ್ಷಪಾತ, ರಾಗ, ದ್ವೇಷ ಈ ನಾಲ್ಕೂ ಇಲ್ಲದೆ ಕರ್ತವ್ಯ ನಿರ್ವಹಿಸುವುದಾಗಿ ಅವರು ಮಾತು ಕೊಡುತ್ತಾರೆ. ಭಯವೂ ದ್ವೇಷವೂ ದೋಷಗಳೆಂದು ನಮಗೆ ಗೊತ್ತು. ಆದರೆ ಸಂವಿಧಾನ ರಾಗವನ್ನೂ, ಅಂದರೆ ಪ್ರೀತಿಯನ್ನೂ, ಅದೇ ಸಾಲಿನಲ್ಲಿ ಕೂರಿಸಿದೆ. ಇದು ಕಠಿಣವಾಗಿ ಕಾಣುತ್ತದೆ, ಯೋಚಿಸಿದರೆ ಕರುಣೆಯಾಗಿ ಕಾಣುತ್ತದೆ. ನಮ್ಮ ಮನೆಗಳಲ್ಲಿ ನಡೆಯುವ ಅನ್ಯಾಯಗಳಿಗೆ ದ್ವೇಷ ಕಾರಣವಾಗುವುದು ಅಪರೂಪ. ಬಹುತೇಕ ಪ್ರೀತಿಯೇ ಕಾರಣ. ಕಿರಿಯ ಮಗನ ಮೇಲಿನ ಮೋಹಕ್ಕೆ ಹಿರಿಯವನ ಮಾತು ಕೇಳಿಸುವುದಿಲ್ಲ. ಮಗಳ ಒಳಿತಿನ ಚಿಂತೆಯಲ್ಲಿ ಮಗಳೇ ಕಾಣುವುದಿಲ್ಲ. ದ್ವೇಷ ಬಂದಾಗ ಎಚ್ಚರವಿರುತ್ತದೆ, ಯಾಕೆಂದರೆ ಅದು ತಪ್ಪೆಂದು ಒಳಗೆ ತಿಳಿದಿರುತ್ತದೆ. ಪ್ರೀತಿ ಬಂದಾಗ ಎಚ್ಚರ ನಿದ್ರಿಸುತ್ತದೆ. ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ ಎಂದು ನಾವು ಹೇಳುವಾಗ, ಅವರು ಹೇಳುವುದನ್ನು ಕೇಳುವುದು ಅಲ್ಲಿಗೆ ನಿಂತಿರುತ್ತದೆ.

ಆಲಿಸುವ ಪೀಠ ನಮ್ಮಲ್ಲಿ ಯಾರಿಗೂ ಶಾಶ್ವತವಲ್ಲ. ಅಮೆರಿಕದ ಫೆಡರಲ್ ನ್ಯಾಯಾಧೀಶರ ಹುದ್ದೆ ಸದ್ವರ್ತನೆ ಇರುವ ತನಕ, ಅಂದರೆ ಬಹುಮಟ್ಟಿಗೆ ಜೀವಾವಧಿ. ನಮ್ಮ ಸಂವಿಧಾನ ಹೈಕೋರ್ಟಿಗೆ 62, ಸುಪ್ರೀಂ ಕೋರ್ಟಿಗೆ 65 ವರ್ಷದ ಮಿತಿ ಹಾಕಿದೆ. ಎಷ್ಟೇ ವಿದ್ವತ್ತಿದ್ದರೂ ಆ ದಿನ ಕುರ್ಚಿ ಬಿಡಬೇಕು. ಅರುವತ್ತೈದು ತುಂಬುವ ಮುನ್ನಾದಿನ ಗೋಪಾಲಗೌಡರೂ ಬಿಟ್ಟರು. ಅನಂತರ ಅವರು ಈ ಬಯಲುಸೀಮೆಗೆ ಶಾಶ್ವತ ನೀರಾವರಿ ಬೇಕೆಂಬ ಹೋರಾಟದ ಪರವಾಗಿ, ರೈತರ ಪರವಾಗಿ ಮಾತನಾಡಿದರು. ಅಹವಾಲು ಕೇಳುತ್ತಿದ್ದವರು ಅಹವಾಲು ಹೇಳುವವರ ಸಾಲಿಗೆ ಬಂದರು. ಅವಿಭಜಿತ ಕೋಲಾರ ಜಿಲ್ಲೆಯ ಮುಳಬಾಗಿಲು ಸೀಮೆಯವರೇ ಆದ ನ್ಯಾಯಮೂರ್ತಿ ಎನ್. ವೆಂಕಟಾಚಲ ಅವರ ದಾರಿ ಇನ್ನೊಂದು ಬಗೆಯದು. ಸುಪ್ರೀಂ ಕೋರ್ಟಿನಿಂದ 1995ರಲ್ಲಿ ನಿವೃತ್ತರಾದ ಅವರು 2001ರಿಂದ 2006ರವರೆಗೆ ಕರ್ನಾಟಕದ ಲೋಕಾಯುಕ್ತರಾಗಿದ್ದರು. ದೂರು ತಮ್ಮ ಕಚೇರಿಗೆ ಬರಲೆಂದು ಕಾಯದೆ, ಸರ್ಕಾರಿ ಕಚೇರಿಗಳಿಗೆ, ಆಸ್ಪತ್ರೆಗಳಿಗೆ ತಾವೇ ಹೋಗಿ ಜನರ ಮಾತು ಕೇಳಿದರು. ಪೀಠ ಇಲ್ಲದೆಯೂ ಆಲಿಸಬಹುದು ಎಂಬುದಕ್ಕೆ ಅವರ ಆ ಐದು ವರ್ಷ ನಿದರ್ಶನ.

ಕೇಳುವ ಸ್ಥಾನದಿಂದ ಹೇಳುವ ಸ್ಥಾನಕ್ಕೆ ಬರುವುದು ನ್ಯಾಯಮೂರ್ತಿಗಳಿಗೆ ಮಾತ್ರ ಬಂದ ವಿಧಿಯಲ್ಲ. ಕಾಲ ನಮ್ಮೆಲ್ಲರನ್ನೂ ಹಾಗೆ ಸ್ಥಾನಾಂತರಿಸುತ್ತದೆ. ಇಂದು ಮಗನ ಓದು, ಮಗಳ ಮದುವೆ, ಕೆಲಸದವರ ರಜೆ ಎಲ್ಲವನ್ನೂ ನಿರ್ಧರಿಸುವವರು ನಾವು. ನಾಳೆ ನಾವು ಎಲ್ಲಿರಬೇಕು, ಯಾವ ಔಷಧ ನುಂಗಬೇಕು, ಯಾರ ಮನೆಯಲ್ಲಿ ಎಷ್ಟು ತಿಂಗಳು ಎಂಬುದನ್ನು ಅವರು ನಿರ್ಧರಿಸುತ್ತಾರೆ. ಆಗ ನಮಗೂ ಒಂದು ತಕರಾರು ಇರುತ್ತದೆ. ಅವರು ಅದನ್ನು ಮನಸ್ಸಿಟ್ಟು ಕೇಳಲಿ ಎಂಬ ಆಸೆ ಇರುತ್ತದೆ. ಕೇಳುವ ರೀತಿಯನ್ನು ಅವರು ಯಾರಿಂದ ಕಲಿತಿರುತ್ತಾರೆ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಎಲ್ಲರ ಮಾತನ್ನೂ ಕೇಳುವುದೆಂದರೆ ಎಲ್ಲರ ಮಾತಿಗೂ ಒಪ್ಪುವುದಲ್ಲ. ಒಪ್ಪಲು ಹೋದರೆ ನ್ಯಾಯವೇ ಉಳಿಯದು. ಇಬ್ಬರನ್ನು ಕೇಳಿದ ಮೇಲೆ ಒಬ್ಬರ ವಿರುದ್ಧ ಬರೆಯಲೇಬೇಕು. ಮಗಳ ಮಾತು ಕೇಳಿದ ಮೇಲೂ ಬೇಡವೆನ್ನಬೇಕಾಗಿ ಬರಬಹುದು. ಆದರೆ ಕಾನೂನು ಇಲ್ಲಿ ಇನ್ನೊಂದು ಕರ್ತವ್ಯವನ್ನು ಸೇರಿಸಿದೆ, ಕಾರಣ ಬರೆಯಬೇಕು. ಕಾರಣವಿಲ್ಲದ ಆದೇಶ ಮೇಲಿನ ಪೀಠದಲ್ಲಿ ನಿಲ್ಲದು. ಬರೆಯಲು ಕುಳಿತಾಗಲೇ ಎಷ್ಟೋ ಸಲ ತಿಳಿಯುತ್ತದೆ, ನಮ್ಮಲ್ಲಿ ಇದ್ದದ್ದು ಕಾರಣವೇ ಅಥವಾ ಬರೀ ಅಸಮಾಧಾನವೇ ಎಂದು. ಸೋತವನಿಗೆ ತೀರ್ಪು ಹಿತವಾಗದು. ಆದರೂ ತನ್ನ ಮಾತು ಎಲ್ಲಿ ಪರಿಗಣಿತವಾಯಿತು, ಯಾಕೆ ಸಾಲದಾಯಿತು ಎಂಬುದನ್ನು ಅವನು ಓದಬಲ್ಲ. ಸೋಲನ್ನು ಮನುಷ್ಯ ತಾಳಿಕೊಳ್ಳುತ್ತಾನೆ. ಲೆಕ್ಕಕ್ಕೇ ಇಲ್ಲವಾದುದನ್ನು ತಾಳಿಕೊಳ್ಳುವುದು ಕಷ್ಟ. ಬೆಂಕಿಗಿಂತ ಹೆಚ್ಚು ಕಾಲ ಒಳಗೆ ಉರಿಯುವುದು ಈ ನೋವೇ.

ಇನ್ನೊಬ್ಬ ಆರೋಪಿಯನ್ನು ನಾವು ಮರೆತೇಬಿಡುತ್ತೇವೆ. ಅದು ನಾವೇ. ನಮ್ಮ ಮೇಲೆ ನಾವು ಕೊಡುವ ತೀರ್ಪುಗಳೂ ಏಕಪಕ್ಷೀಯವೇ. ನಾನು ಕೆಲಸಕ್ಕೆ ಬಾರದವನು, ನನ್ನಿಂದ ಏನೂ ಆಗದು, ಆ ಒಂದು ತಪ್ಪಿಗೆ ಕ್ಷಮೆಯಿಲ್ಲ. ಹೀಗೆ ಯಾವತ್ತೋ ಬರೆದ ಶಿಕ್ಷೆಯನ್ನು ಹಲವರು ಜೀವನವಿಡೀ ಅನುಭವಿಸುತ್ತಾರೆ. ಆ ದಿನದ ಬಡತನವೇನು, ವಯಸ್ಸೆಷ್ಟು, ಭಯವೆಷ್ಟಿತ್ತು ಎಂಬ ಸಾಕ್ಷ್ಯವನ್ನು ಯಾರೂ ಕೇಳಿರುವುದಿಲ್ಲ. ಪರರಿಗೆ ಸಲ್ಲಬೇಕಾದ ತಾಳ್ಮೆ ನಮಗೂ ಸಲ್ಲಬೇಕು. ತನ್ನನ್ನು ತಾನು ಕೇಳಿಸಿಕೊಳ್ಳದವನು ಇತರರನ್ನು ಕೇಳಿಸಿಕೊಳ್ಳುವುದು ಕಠಿಣ.

ಈ ಬೆಳಿಗ್ಗೆಯೂ ನಮ್ಮಲ್ಲಿ ಪ್ರತಿಯೊಬ್ಬರೂ ಯಾರದೋ ವಿಷಯದಲ್ಲಿ ಆಗಲೇ ಒಂದು ತೀರ್ಮಾನಕ್ಕೆ ಬಂದಿರುತ್ತೇವೆ. ಅವರ ಹೆಸರೂ ಈಗ ಮನಸ್ಸಿಗೆ ಬಂದಿರಬಹುದು. ಆ ತೀರ್ಮಾನವನ್ನು ಬಿಟ್ಟುಬಿಡಬೇಕಾಗಿಲ್ಲ. ಸಂಜೆಯ ತನಕ ಕಾಯ್ದಿರಿಸಿದರೆ ಸಾಕು. ನಡುವೆ ಅವರನ್ನೊಮ್ಮೆ ಕೇಳೋಣ. ನಮ್ಮ ಉತ್ತರವನ್ನು ಮೊದಲೇ ಸಿದ್ಧಪಡಿಸಿಕೊಳ್ಳದೆ ಕೇಳೋಣ. ಕೇಳಿದ ಮೇಲೂ ನಾವು ಅಂದುಕೊಂಡದ್ದೇ ಸರಿ ಎನ್ನಿಸಿದರೆ ಹಾಗೆಯೇ ಹೇಳೋಣ, ಕಾರಣ ಸಮೇತ ಹೇಳೋಣ. ಬದಲಾಯಿಸಬೇಕೆನ್ನಿಸಿದರೆ ಸಂಕೋಚವಿಲ್ಲದೆ ಬದಲಾಯಿಸೋಣ.